ತಡೆ ಕಾರ್ಡಿನ ಬಾಯೋರು

ನಮ್ಮ ಗೋಡೆಯಾಚೆಯ ಮನೆಗೆ ಹೋದ ತಿಂಗಳು ಹೊಸ ಬಾಡಿಗೆಯವರು ಬಂದರು. ಒಳ್ಳೆಯ ಮಂದಿ. ಬಂದ ದಿನವೇ ಹಾಲು ಉಕ್ಕಿಸಿ, ನಮಗೂ ಒಂದು ಬಟ್ಟಲು ಪಾಯಸ ಕಳಿಸಿದರು. ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಇಲ್ಲಿ ಮೊದಲ ಯಾರ್ ಇದ್ರುರೀ?" ಎಂದು ಕೇಳಿದಳು. "ಬಾಯೋರು ಇದ್ರು" ಅಂದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೇ ಅನ್ನುವುದು. ಅಷ್ಟು ಹೇಳಿ ಒಳಗೆ ಬಂದೆ, ಒಲೆಯ ಮೇಲೆ ಬೇಳೆ ಇತ್ತು. ಬೇಳೆ ಕುದಿಯುವ ತನಕ ನಿಂತು ಯೋಚಿಸಿದೆ. ಆ ಒಂದು ಮಾತಿನಲ್ಲಿ ಅವರ ಬಗ್ಗೆ ಏನೂ ಹೇಳಿದ ಹಾಗೆ ಆಗಿರಲಿಲ್ಲ.

ಬಾಯೋರು ಈಗ ಹೈದರಾಬಾದಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ದೇವರ ದಯೆ, ಆರಾಮಾಗಿದ್ದಾರೆ. ನಾನು ಅವರನ್ನು ಆಪಾ, ಅಂದರೆ ಅಕ್ಕಾ, ಎಂದು ಕರೆಯುತ್ತಿದ್ದೆ, ಅವರು ನನಗೆ ವೈನಿ ಅನ್ನುತ್ತಿದ್ದರು. ನನ್ನ ಯಜಮಾನರನ್ನು ಅಣ್ಣಾ ಎಂದ ಮೇಲೆ ನಾನು ವೈನಿಯೇ ಆಗಬೇಕಲ್ಲ.

ಆಪಾ ನಮ್ಮೂರು ಬಸವಕಲ್ಯಾಣದ ಒಂದು ಉರ್ದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ತವರು ಕೊಹಿನೂರ, ಅಣ್ಣಂದಿರು ಅಲ್ಲಿ ಹೊಲ ಮಾಡುತ್ತಾರೆ. ಮದುವೆಯ ಮಾತು ತೆಗೆದವರಿಗೆಲ್ಲ "ಆಗ್ಲಿ, ನೋಡೋಣ" ಅನ್ನುತ್ತ ಅನ್ನುತ್ತ ಐವತ್ತು ದಾಟಿದರು. "ಆಗ್ಲಿ" ಅನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು. ಯಾರದೋ ಆಡು ಅವರ ಮಲ್ಲಿಗೆ ಬಳ್ಳಿ ತಿಂದರೆ ಆಗ್ಲಿ. ಶಾಲೆಯಲ್ಲಿ ಬೇರೆಯವರ ಪಾಳಿಯ ಕೆಲಸ ಇವರ ತಲೆಗೆ ಬಂದರೆ ಆಗ್ಲಿ. ಮನೆ ಮಾಲೀಕ ಅವರ ಜಗಲಿಯ ಮೇಲೆ ತನ್ನ ಹಳೆಯ ಸೈಕಲ್ ತಂದು ನಿಲ್ಲಿಸಿ ವರ್ಷಗಟ್ಟಲೆ ಒಯ್ಯಲಿಲ್ಲ, ಅದಕ್ಕೂ ಆಗ್ಲಿ. ನನಗೆ ಸಿಟ್ಟು ಬರುತ್ತಿತ್ತು.

"ಆಪಾ, ನೀವು ಬಾಯಿ ಬಿಟ್ಟು ಒಂದು ಮಾತು ಅನ್ರಲ್ಲಾ. ಮಂದಿ ತಲಿ ಮ್ಯಾಲೆ ಕೂಡ್ತಾರ."

"ಕೂಡ್ಲಿ ಬಿಡ್ರಿ ವೈನಿ. ಸೈಕಲ್ಲಿಗಿ ಜಗಳಾ ಮಾಡಿದ್ರ, ನೀರಿಗಿ ಜಗಳಾ ಮಾಡಾಕ ದಮ್ಮು ಎಲ್ಲಿಂದ ತರ್ಲಿ?"

ಏನೋ ಮಾತಿಗೆ ಅಂದರು ಎಂದುಕೊಂಡಿದ್ದೆ. ಮರು ಬೇಸಿಗೆಯಲ್ಲಿ ನಮ್ಮ ಓಣಿಯ ಒಂದು ಮನೆಯವರು ನಳದ ಪೈಪಿಗೆ ಮೋಟಾರು ಹಚ್ಚಿ ಎಲ್ಲರ ನೀರನ್ನೂ ಎಳೆಯತೊಡಗಿದರು. ಗಂಡಸರು ಗುಸುಗುಸು ಮಾತಾಡಿದರು, ಹೆಂಗಸರು ಕೊಡ ಕುಕ್ಕಿದರು, ಮೋಟಾರು ಮಾತ್ರ ನಡೆದೇ ಇತ್ತು. ಒಂದು ಬೆಳಿಗ್ಗೆ ಆಪಾ ಆ ಮನೆಗೆ ಹೋಗಿ, ಸಲಾಮ್ ಹೇಳಿ, ಮೋಟಾರಿನ ವೈರು ಕಿತ್ತು ಮಡಿಲಲ್ಲಿ ಇಟ್ಟುಕೊಂಡು ಅವರ ಹೊಸ್ತಿಲಲ್ಲೇ ಕೂತರು. ಆ ಮನೆಯ ಹಿರಿಯ ಕೂಗಾಡಿದ. ಆಪಾ ದನಿ ಏರಿಸಲಿಲ್ಲ. "ಚಾ ಮಾಡಸ್ರಿ ಭಾಯಿ, ಕುಡಕೋಂತ ಮಾತಾಡೋಣ. ವೈರು ಮಾತ್ರ ಕೊಡಂಗಿಲ್ಲ." ಚಹಾ ಬಂತು, ಎರಡನೇ ಸಲವೂ ಬಂತು. ಅಂದು ಶಾಲೆಗೆ ರಜೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಆತ ಸೋತು ಮೋಟಾರು ಬಿಚ್ಚಿಸಿದ. ಅಂದು ಸಂಜೆ ನಮ್ಮ ನಳದಲ್ಲಿ ಬಂದ ನೀರನ್ನು ನಾನು ಮೊದಲು ದೇವರ ಜಗಲಿಗೆ ಒಯ್ದೆ.

ಇನ್ನು ಅವರ ಕಾರ್ಡಿನ ಆಟದ ಮಾತು. ಅದು ಅವರಿಗೆ ಬಂದದ್ದು ಶಾಲೆಯ ಮೇಜಿನ ಡ್ರಾಯರಿನಿಂದ. ಹುಡುಗರು ಬೆಂಚಿನ ಕೆಳಗೆ ಬಣ್ಣದ ಕಾರ್ಡು ಆಡುತ್ತಿದ್ದರಂತೆ. ಇಸ್ಪೀಟಲ್ಲ, ಬೇರೆ. ಒಂದು ಕಾರ್ಡಿನ ಮೇಲೆ ಮೃಗ, ಒಂದರ ಮೇಲೆ ಮಂತ್ರ, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅದರ ಕಾನೂನು. ಆಪಾ ಸಿಕ್ಕ ಸಿಕ್ಕದ್ದನ್ನು ಜಪ್ತಿ ಮಾಡಿ ಡ್ರಾಯರಿಗೆ ಹಾಕಿದರು. ಡ್ರಾಯರು ತುಂಬಿತು. "ಬರೇ ಕಸಗೊಂಡ್ರ ಏನ್ ಬಂತ್ರಿ? ಇದರಾಗ ಏನದ ಅಂತ ನನಗೂ ತಿಳೀಬೇಕಲ್ಲ" ಎಂದು ಬೇಸಿಗೆ ರಜೆಗೆ ಅಷ್ಟನ್ನೂ ಮನೆಗೆ ತಂದು ಒಂದೊಂದೇ ಓದಿದರು. ಶಾಲೆ ತೆರೆದ ದಿನ ಎಲ್ಲ ಹುಡುಗರಿಗೂ ಅವರವರ ಕಾರ್ಡು ವಾಪಸ್ ಕೊಟ್ಟು ಹೇಳಿದರಂತೆ: "ಊಟದ ಸೂಟಿಯಾಗ ನನ್ನ ಗೆದ್ದವರು ಕ್ಲಾಸಿನಾಗ ಆಡ್ರಿ. ಸೋತವರು ಲೆಕ್ಕ ಮಾಡ್ರಿ." ಆ ವರ್ಷ ಅವರ ಕ್ಲಾಸಿನಲ್ಲಿ ಬರೀ ಲೆಕ್ಕವೇ ನಡೆಯಿತು.

ಓದುವವರಿಗೆ ತಿಳಿಯಲಿ ಎಂದು ಆಟವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇಬ್ಬರೂ ತಮ್ಮ ತಮ್ಮ ಕಾರ್ಡಿನ ಕಟ್ಟನ್ನು ಮನೆಯಿಂದಲೇ ಜೋಡಿಸಿ ತರುತ್ತಾರೆ. ಅದಕ್ಕೆ ಡೆಕ್ ಅನ್ನುತ್ತಾರೆ. ಅರವತ್ತು ಕಾರ್ಡು, ಅದಕ್ಕಿಂತ ಹೆಚ್ಚು ಯಾರೂ ಇಟ್ಟುಕೊಳ್ಳುವುದಿಲ್ಲ. ಸರತಿಯ ಪ್ರಕಾರ ಒಂದೊಂದು ಮೃಗ ಇಳಿಸಿ ಎದುರಿನವರ ಪ್ರಾಣದ ಅಂಕ ತಿನ್ನುತ್ತ ಹೋಗಬೇಕು. ಅಂಕ ಮುಗಿದವರು ಸೋತರು. ಎಲ್ಲರೂ ಮೃಗಗಳನ್ನೇ ತುಂಬಿಕೊಂಡು ಬಂದರೆ ಆಪಾನ ಡೆಕ್ಕಿನಲ್ಲಿ ಮೃಗಗಳೇ ಇರಲಿಲ್ಲ ಅನ್ನಬೇಕು. ಅದಕ್ಕೆ ಕಂಟ್ರೋಲ್ ಡೆಕ್ ಎಂದು ಹೆಸರು. ಅದರಲ್ಲಿ ತಡೆ ಕಾರ್ಡು ಇರುತ್ತವೆ, ಎದುರಿನವರು ಏನಾದರೂ ಇಳಿಸಿದ ಕೂಡಲೇ ಇಲ್ಲ ಎಂದು ಅದನ್ನು ನಿಲ್ಲಿಸುವಂಥವು. ಇಳಿದದ್ದನ್ನೆಲ್ಲ ಒಮ್ಮೆಲೇ ಗುಡಿಸಿ ಹಾಕುವ ಕಾರ್ಡಿಗೆ ಆಪಾ ಝಾಡು ಅನ್ನುತ್ತಿದ್ದರು. ಉಳಿದವು ಇನ್ನಷ್ಟು ಕಾರ್ಡು ಎಳೆದುಕೊಳ್ಳಲು. ಎಲ್ಲ ಮುಗಿದು ಎದುರಿನವರ ಕೈ ಬರಿದಾದ ಮೇಲೆ ನಿಧಾನಕ್ಕೆ ಬಂದು ಆಟ ಮುಗಿಸಲು ಎರಡೇ ಎರಡು ಆನೆ.

ನಾನು ಇದನ್ನೆಲ್ಲ ಕಲಿತದ್ದು ನನ್ನ ಅಡುಗೆಮನೆಯಲ್ಲಿ. ಆಪಾನ ಮನೆಗೆ ಬಿಸಿಲು ಜಾಸ್ತಿ, ನಮ್ಮದು ತಂಪು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರೆ ಅವರು ಎದುರಿಗೆ ಚಾಪೆ ಹಾಸಿ ಕಾರ್ಡು ಹರಡುತ್ತಿದ್ದರು. ಮೊದಮೊದಲು ನನಗೆ ಸಂಕೋಚ. ನಮ್ಮ ಮನೆಯಲ್ಲಿ ಲಿಂಗಪೂಜೆ ತಪ್ಪಿಸಿದವರಿಲ್ಲ, ಇಸ್ಪೀಟ್ ಎಲೆ ಮುಟ್ಟಿದವರೂ ಇಲ್ಲ. ಯಜಮಾನರು ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಸಂಜೆ ಬಂದವರು ಬಾಗಿಲಲ್ಲೇ ನಿಂತು, "ಏನಿದು, ನಮ್ಮ ಮನ್ಯಾಗ ಅಡ್ಡಾ ಸುರು ಆತೇನು?" ಎಂದರು.

"ರೊಕ್ಕ ಇಲ್ಲಣ್ಣಾ ಇದರಾಗ. ನಮ್ಮ ಮನ್ಯಾಗೂ ಜೂಜು ಹರಾಮ್. ಇದು ಗಣಿತ" ಎಂದರು ಆಪಾ.

"ಗಣಿತಕ್ಕ ಹುಲಿ ಚಿತ್ರ ಯಾಕ ಬೇಕ್ರಿ ಬಾಯೋರ?"

"ನೀವು ಟ್ರ್ಯಾಕ್ಟರಿಗಿ ಹೂವಿನ ಚಿತ್ರ ಬರಸ್ತೀರಲ್ಲ, ಹಂಗ."

ಯಜಮಾನರು ಕಾಲು ತೊಳೆಯಲು ಹೋದರು. ನನ್ನ ಸಂಕೋಚವೂ ಅಲ್ಲಿಗೆ ಹೋಯಿತು.

ಡೆಕ್ಕು ಹದ ಮಾಡುವುದು ಆಡುವುದಕ್ಕಿಂತ ದೊಡ್ಡ ಕೆಲಸ ಎಂದು ಆಗ ತಿಳಿಯಿತು. ಒಂದು ಕಾರ್ಡು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಲೇಬೇಕು. ಹುಮನಾಬಾದಿನಲ್ಲಿ ಹೆದ್ದಾರಿಯ ಹತ್ತಿರ ಒಂದು ಫಂಕ್ಷನ್ ಹಾಲಿನ ಮೇಲಿನ ಕೋಣೆಯಲ್ಲಿ ಭಾನುವಾರ ಆಟ ಕೂಡುತ್ತಿತ್ತು. ಬೀದರ, ಕಲಬುರಗಿ, ಜಹೀರಾಬಾದ, ಲಾತೂರ, ಎಲ್ಲ ಕಡೆಯ ಬಸ್ಸು ಹಾಯುವ ಊರಲ್ಲವೇ, ಎಲ್ಲರಿಗೂ ಅನುಕೂಲ. ಯಾರು ಬರುತ್ತಾರೆ ಎಂದು ತಿಳಿದುಕೊಂಡು ಆಪಾ ಡೆಕ್ಕು ಬದಲಿಸುತ್ತಿದ್ದರು.

"ಲಾತೂರಿನವರು ಬರಾಕತ್ತಾರ ವೈನಿ. ಅವರದು ಓಟದ ಡೆಕ್ಕು. ನಾ ದೊಡ್ಡ ತಡೆ ಹಿಡಕೊಂಡು ಕೂಡೋದ್ರಾಗ ಸಣ್ಣ ಸಣ್ಣ ಮೃಗ ಬಂದು ಕಡದು ಹೋಗ್ತಾವ."

"ಹಂಗಾದ್ರ ಝಾಡು ಇನ್ನೊಂದು ಹಾಕ್ರಿ."

"ಹಾಕಬಹುದು. ಏನ್ ತಗೀಲಿ ಹೇಳ್ರಿ."

"ಆ ಎರಡನೇ ಆನಿ ತಗೀರಿ. ಒಂದು ಸಾಕು."

ಆಪಾ ಆ ಆನೆಯನ್ನು ನೋಡುತ್ತ ಬಹಳ ಹೊತ್ತು ಕೂತರು. ನಾನು ಅಷ್ಟರಲ್ಲಿ ಜೋಳ ಮುಗಿಸಿ ಸೊಪ್ಪಿಗೆ ಕೈಹಾಕಿದ್ದೆ. ಕೊನೆಗೆ, "ಒಂದ ಇದ್ರ, ಅದು ಸತ್ತ ಮ್ಯಾಲೆ ನಾ ಯಾವುದಕ್ಕ ಕಾಯ್ಕೋಂತ ಕೂಡ್ಲಿ?" ಎಂದು ಆನೆಯನ್ನು ಒಳಗೇ ಇಟ್ಟು, ಕಾರ್ಡು ಎಳೆಯುವ ಒಂದನ್ನು ತೆಗೆದರು. ಮರುದಿನ ಅದನ್ನು ಮತ್ತೆ ಹಾಕಿ ಒಂದು ದುಬಾರಿ ತಡೆ ತೆಗೆದರು. ಹೀಗೆ ವಾರಗಟ್ಟಲೆ. ನನ್ನನ್ನು ಎದುರಿಗೆ ಕೂರಿಸಿ ಲಾತೂರಿನ ಡೆಕ್ಕು ನನ್ನ ಕೈಗೆ ಕೊಟ್ಟು ಆಡಿಸುತ್ತಿದ್ದರು. ನಾನು ಏನು ಇಳಿಸಿದರೂ ಮುಖ ನೋಡಿ ಕ್ಷಣ ತಡೆದು "ಆಗ್ಲಿ" ಅನ್ನುವರು. ಮತ್ತೆ ಆಗ್ಲಿ, ಮತ್ತೆ ಆಗ್ಲಿ. ನಾನು ಗೆದ್ದೇ ಬಿಟ್ಟೆ ಎಂದು ಖುಷಿಪಡುವ ಹೊತ್ತಿಗೆ ಮೆಲ್ಲಗೆ "ಇದು ಇಲ್ಲ".

"ಎಲ್ಲಾದಕ್ಕೂ ಇಲ್ಲ ಅಂದ್ರ ಕೈ ಖಾಲಿ ಆಗ್ತದ್ರಿ ವೈನಿ. ಯಾವುದು ಬಂದ್ರ ನಾ ಸಾಯ್ತೀನಿ ಅಂತ ಮೊದಲ ನೋಡಬೇಕು. ಉಳದದ್ದು ಕಡೀಲಿ, ಕಡದ್ರ ಏನಾತು."

ಆಗ ನನಗೆ ಆ ಸೈಕಲ್ಲು ನೆನಪಾಯಿತು, ಆ ವೈರೂ ನೆನಪಾಯಿತು. ರೊಟ್ಟಿ ಬಡಿಯಲು ಎದ್ದೆ.

ಆಪಾನ ಕೈ ನಡುಗಲು ಶುರುವಾದದ್ದು ಅದರ ಮರುವರ್ಷ. ಮೊದಲು ಬಲಗೈ, ಆಮೇಲೆ ಎಡಗೈ. ಹಲಗೆಯ ಮೇಲೆ ಎಳೆದ ಗೆರೆ ಸೊಟ್ಟ ಆಯಿತು. ಕಲಬುರಗಿಯ ಡಾಕ್ಟರು ಗುಳಿಗೆ ಕೊಟ್ಟರು, ಹತೋಟಿಯಲ್ಲಿ ಇಡಬಹುದು, ವಾಸಿಯಾಗುವುದಿಲ್ಲ ಎಂದರು. ಆಪಾ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರು. ಬಾಟಲಿಯ ಮುಚ್ಚಳ ನಾನು ತೆಗೆದುಕೊಟ್ಟರೆ ಆಗ್ಲಿ. ಚಪ್ಪಲಿಯ ಪಟ್ಟಿ ನಾನು ಹಾಕಿದರೆ ಆಗ್ಲಿ. ಚಹಾ ಅರ್ಧ ಕಪ್ಪು ಕೊಟ್ಟರೆ ಚೆಲ್ಲುವುದಿಲ್ಲ ಎಂದು ಇಬ್ಬರೂ ಕಂಡುಕೊಂಡೆವು. ಅರ್ಧ ಕಪ್ಪಿನಂತೆ ಎರಡು ಸಲ ಕುಡಿದರಾಯಿತು, ಬಿಸಿಯೂ ಇರುತ್ತದೆ. ಇಂಥ ಸಣ್ಣ ಸಣ್ಣ ದಾರಿಗಳನ್ನು ದೇವರು ಇಟ್ಟೇ ಇರುತ್ತಾನೆ, ನಾವು ನೋಡಬೇಕು ಅಷ್ಟೆ.

ಆದರೆ ಕಾರ್ಡು ಹಿಡಿಯಲು ಬರದೇ ಹೋಯಿತು. ಕಲೆಸಲು ಹೋದರೆ ನೆಲದ ತುಂಬ ಚೆಲ್ಲುತ್ತಿದ್ದವು. ಒಂದು ದಿನ ನಾನು ಆರಿಸಿ ಕೊಡುತ್ತಿದ್ದಾಗ ಹೇಳಿದರು:

"ವೈನಿ, ಒಮ್ಮೆ ಹೈದರಾಬಾದಿನ ದೊಡ್ಡ ಆಟದಾಗ ಕೂಡಬೇಕಂತ ಆಸೆ ಇತ್ತು. ಹುಮನಾಬಾದಿನಾಗ ಗೆದ್ದ ಒಬ್ಬರಿಗಿ ಅಷ್ಟ ಅಲ್ಲಿ ಜಾಗಾ. ಎರಡು ಸಲ ಕಡೀ ಆಟದಾಗ ಸೋತೀನಿ. ತಲಿ ಇನ್ನೂ ಆಡ್ತದ. ಕೈ ಕೇಳವಲ್ದು."

"ಕೈ ನಾ ಆಗ್ತೀನಿ ಬಿಡ್ರಿ" ಅಂದೆ. ಅಂದ ಮೇಲೆ ಯೋಚನೆ ಮಾಡಿದೆ. ಅಂದದ್ದು ಆಗಿತ್ತು.

ಯಜಮಾನರು ಬಡಗಿಗೆ ಹೇಳಿ ಕಾರ್ಡು ನಿಲ್ಲಿಸಲು ಸೀಳು ಕೊರೆದ ಕಟ್ಟಿಗೆಯ ಪಟ್ಟಿ ಮಾಡಿಸಿದರು. ಎದುರಿನವರಿಗೆ ಕಾರ್ಡಿನ ಬೆನ್ನಷ್ಟೇ ಕಾಣುತ್ತದೆ, ಮುಖ ನಮಗೆ ಮಾತ್ರ. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆವು. ಕೂಡಲು ಜಾಗ ಸಿಕ್ಕಿತು. ಅದನ್ನೇ ಒಳ್ಳೆಯ ಶಕುನ ಎಂದುಕೊಂಡೆ.

ಆಟ ನಡೆಸುವಾತ ಮೊಬೈಲ್ ಅಂಗಡಿಯವನು, ಆಪಾನ ಬಗ್ಗೆ ಗೌರವ ಇಟ್ಟವನು. ಆದರೂ ತಲೆ ಕೆರೆದುಕೊಂಡ. ಕಲೆಸಬಹುದು, ಆಪಾ ತೋರಿಸಿದ್ದನ್ನು ಇಳಿಸಬಹುದು, ಸಲಹೆ ಮಾತ್ರ ಕೊಡುವಂತಿಲ್ಲ ಎಂದು ನನಗೆ ಹೇಳಿದ. ಹಿಂದೆ ಕೂತಿದ್ದ ಒಬ್ಬ, "ಹಿಂಗಾದ್ರ ಇಬ್ಬರು ಕೂಡಿ ಆಡಿದಂಗ ಆತಲ್ರಿ, ಗೆದ್ದವರು ಯಾರು ಅಂತ ಬರಕೋತೀರಿ?" ಎಂದ. ಆಪಾ ಅವನ ಕಡೆ ನೋಡಿ ನಕ್ಕರು.

ಮೊದಲ ಸುತ್ತುಗಳು ಚೆನ್ನಾಗಿಯೇ ಹೋದವು. ಲಾತೂರಿನವನನ್ನು ಝಾಡು ಗುಡಿಸಿ ಹಾಕಿತು. ನನಗೆ ಕಲೆಸುವುದೂ ಕೈಗೆ ಹತ್ತಿತು. ಕೊನೆಯ ಆಟಕ್ಕೆ ಎದುರು ಬಂದವನು ಕಲಬುರಗಿಯ ಒಬ್ಬ ಯುವಕ, ಇಂಜಿನಿಯರಿಂಗ್ ಓದುವವನು. "ಕೂಡ್ರಿ ಬಾಯೋರ, ಕೂಡ್ರಿ ಆಂಟಿ" ಎಂದು ಎದ್ದು ನಿಂತು ಕುರ್ಚಿ ಸರಿಸಿಕೊಟ್ಟ. ಮೂರರಲ್ಲಿ ಎರಡು ಗೆದ್ದವರಿಗೆ ಹೈದರಾಬಾದು.

ಮೊದಲನೆಯದನ್ನು ಅವನು ಬೇಗ ಗೆದ್ದ. ಆಪಾನ ಕೈಯಲ್ಲಿ ತಡೆ ಇದ್ದಾಗ ಅವನು ಚಿಲ್ಲರೆ ಮೃಗ ಇಳಿಸುತ್ತಿದ್ದ. ತಡೆ ಇಲ್ಲದಾಗ ಸರಿಯಾಗಿ ದೊಡ್ಡದನ್ನು ಇಳಿಸುತ್ತಿದ್ದ. ಪಟ್ಟಿಯ ಹಿಂದೆ ಇಣುಕಿ ನೋಡಿದ ಹಾಗೆ. ನಡುವೆ ಸ್ವಲ್ಪ ಬಿಡುವು ಕೊಟ್ಟರು. ಆಪಾ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದರು.

"ಆ ಹುಡುಗ ನನ್ನ ಕಡಿ ನೋಡಾಕತ್ತಿಲ್ಲ ವೈನಿ. ನಿಮ್ಮ ಕಡಿ ನೋಡಾಕತ್ತಾನ."

"ನಾ ಏನ್ ಮಾಡಿದೆನ್ರಿ? ತುಟಿ ಸೈತ ಬಿಚ್ಚಿಲ್ಲ."

"ಬಿಚ್ಚೀರಿ. ತಡೆ ಕಾರ್ಡು ಇಲ್ಲದಾಗ ಶಿವಾ ಶಿವಾ ಅಂತೀರಿ. ತಡೆ ಬಂತಂದ್ರ ಸುಮ್ಮ ಆಗ್ತೀರಿ."

ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಕಷ್ಟ ಬಂದಾಗ ದೇವರ ಹೆಸರು ತಾನೇ ಬಾಯಿಗೆ ಬರುತ್ತದೆ, ಅದನ್ನು ನಾನು ಯಾವತ್ತೂ ಕರೆದವಳಲ್ಲ. "ಹಂಗಾದ್ರ ಬಾಯಿಗಿ ಸೆರಗು ಹಾಕ್ಕೊಂಡು ಕೂಡ್ತೀನ್ರಿ ಆಪಾ."

"ಬಾಯಿ ಮುಚ್ಚಿದ್ರ ಕಣ್ಣು ಮಾತಾಡ್ತಾವ. ಹಂಗ ಬ್ಯಾಡ. ಜಪಾ ಮಾಡ್ರಿ. ಸುರುವಿನಿಂದ ಮುಗಿಯೋತನ ಒಂದ ಸಮ ಬಿಡದಂಗ ಮಾಡ್ರಿ. ಒಳ್ಳೇ ಕಾರ್ಡು ಬಂದ್ರೂ ಅದ, ಕೆಟ್ಟ ಕಾರ್ಡು ಬಂದ್ರೂ ಅದ."

"ಆಟ ಗೆಲ್ಲಾಕ ಜಪಾ ಮಾಡೋದು ತಪ್ಪಾಗ್ತದ್ರಿ."

"ಆಟಕ್ಕ ಮಾಡಬ್ಯಾಡ್ರಿ. ನೀವು ದೇವರಿಗಿ ಮಾಡ್ರಿ. ಆಟ ನನಗ ಬಿಡ್ರಿ."

ಹೋಗಿ ಕೂತು, ಕಲೆಸಿ ಕೊಟ್ಟು, ಜಪ ಹಿಡಿದೆ. ದನಿಯಿಲ್ಲ, ತುಟಿ ಮಾತ್ರ. ಮನೆಯಲ್ಲಿ ಪೂಜೆಗೆ ಕೂತಾಗ ಕುಕ್ಕರು ಕೂಗುತ್ತದೆ, ಹಾಲಿನವನು ಕರೆಯುತ್ತಾನೆ, ಮನಸ್ಸು ಹತ್ತು ಕಡೆ ಓಡುತ್ತದೆ. ಅಂದು ಅಷ್ಟು ಜನರ ನಡುವೆ, ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ, ನನಗೆ ಎಂದೂ ಕೂಡದಂಥ ಜಪ ಕೂಡಿತು. ಆಪಾ ಗದ್ದದಿಂದ ತೋರಿಸುವರು, "ಎಡಕಿಂದ ಎರಡನೇದು" ಅನ್ನುವರು, ನನ್ನ ಕೈ ಇಳಿಸುವುದು. ಆ ಯುವಕ ನನ್ನ ಮುಖ ನೋಡಿದ, ಮತ್ತೆ ನೋಡಿದ, ಆಮೇಲೆ ನೋಡುವುದನ್ನು ಬಿಟ್ಟ. ಎರಡನೆಯ ಆಟ ಆಪಾ ಗೆದ್ದದ್ದು ನನಗೆ ತಿಳಿದದ್ದೇ ಕಾರ್ಡು ಒಟ್ಟುಮಾಡಿ ಎಂದು ಅವರು ಹೇಳಿದಾಗ.

ಮೂರನೆಯದು ಉದ್ದವಾಯಿತು. ಜನ ಎದ್ದು ಬಂದು ಸುತ್ತ ನಿಂತರು. ಯುವಕ ಒಂದು ದೊಡ್ಡ ಘಟಸರ್ಪ ಇಳಿಸಿದ. ಪಟ್ಟಿಯಲ್ಲಿ ತಡೆ ಕಾರ್ಡು ಇತ್ತು, ಒಂದೇ ಒಂದು. ಅದು ನನ್ನ ಕಣ್ಣ ಮುಂದೆಯೇ ಇತ್ತು. ಆಪಾ ಸರ್ಪವನ್ನು ನೋಡಿದರು, ಅವನ ಕೈಯಲ್ಲಿ ಉಳಿದ ಎರಡು ಕಾರ್ಡಿನ ಬೆನ್ನು ನೋಡಿದರು.

"ಆಗ್ಲಿ."

ಹಿಂದಿನಿಂದ ಯಾರೋ "ಬಾಯೋರದು ಮುಗೀತು" ಅಂದರು. ಸರ್ಪ ಒಮ್ಮೆ ಕಡಿಯಿತು. ಮರು ಸರತಿಗೆ ಮತ್ತೆ ಕಡಿಯಿತು. ಆಪಾನ ಅಂಕ ತಳ ಕಂಡಿತ್ತು. ಇನ್ನೊಂದು ಕಡಿತಕ್ಕೆ ಎಲ್ಲ ಮುಗಿಯುವುದು. ನನ್ನ ತುಟಿ ಜಪ ಬಿಡಲಿಲ್ಲ. ಮುಂದಿನ ಸರತಿಗೆ ಎಳೆದಾಗ ಝಾಡು ಬಂತು, ಆಪಾ ಅದನ್ನು ತೋರಿಸಿದರು. ನಾನು ಇಳಿಸಿದೆ. ಸರ್ಪದ ಜೊತೆಗೆ ಅವನ ಎಲ್ಲ ಮೃಗಗಳೂ ಸತ್ತ ಕಾರ್ಡಿನ ಗುಂಪಿಗೆ ಹೋದವು. ಯುವಕನ ಮುಖದಲ್ಲಿ ನಗು ಬಂತು. ಅವನು ಇದಕ್ಕೇ ಕಾದಿದ್ದ. ಸತ್ತವನ್ನೆಲ್ಲ ಒಮ್ಮೆಗೇ ಎಬ್ಬಿಸುವ ಒಂದು ಮಂತ್ರವನ್ನು ಮೇಜಿನ ಮೇಲೆ ಇಟ್ಟ.

"ಇದು ಇಲ್ಲ" ಎಂದರು ಆಪಾ.

ನಾನು ತಡೆ ಕಾರ್ಡು ತೆಗೆದು ಅದರ ಮೇಲೆ ಇಟ್ಟೆ. ಆಮೇಲೆ ಅವನಿಗೆ ಒಳ್ಳೆಯ ಕಾರ್ಡು ಬರಲೇ ಇಲ್ಲ. ಆನೆ ಬಂತು, ನಿಧಾನಕ್ಕೆ ನಡೆಯಿತು. ಯುವಕ ಕೈಯಲ್ಲಿದ್ದ ಒಂದು ಕಾರ್ಡನ್ನು ಕೆಳಗಿಟ್ಟು, "ಸರ್ಪಕ್ಕ ಯಾಕ ತಡೀಲಿಲ್ರಿ?" ಎಂದು ಕೇಳಿದ.

"ಸರ್ಪಕ್ಕ ಝಾಡು ಬರ್ತದಂತ ನಂಬಿಕಿ ಇತ್ತು. ನಿನ್ನ ಮಂತ್ರಕ್ಕ ನನ್ನ ಹತ್ರ ಬ್ಯಾರೆ ಏನೂ ಇರಲಿಲ್ಲಪ್ಪ."

"ಝಾಡು ಬರದಿದ್ರ?"

"ಸೋಲ್ತಿದ್ದೆ. ಬಸ್ ಹಿಡಿದು ಮನೀಗಿ ಹೋಗ್ತಿದ್ದೆ."

ಅವನು ಕೈ ಕುಲುಕಲು ಬಂದವನು ಆಪಾನ ಕೈ ನೋಡಿ ತನ್ನ ಕೈ ಎತ್ತಿ ಆದಾಬ್ ಮಾಡಿದ. ಒಳ್ಳೆಯ ಮನೆಯ ಹುಡುಗ.

ಆಟ ನಡೆಸುವಾತ ಹೈದರಾಬಾದಿಗೆ ಕಳಿಸುವ ಹಾಳೆ ತಂದ. ಗೆದ್ದವರ ಹೆಸರು, ಅದರ ಕೆಳಗೆ ಸಹಿ. ಬೆಳಗಿನಿಂದ ಕಲೆಸಿದ್ದು ನಾನು, ಇಳಿಸಿದ್ದು ನಾನು, ಬುತ್ತಿಯ ರೊಟ್ಟಿ ಮುರಿದು ಬಾಯಿಗೆ ಇಟ್ಟದ್ದೂ ನಾನೇ. ಅಭ್ಯಾಸಬಲ, ಪೆನ್ನಿಗೂ ನನ್ನ ಕೈಯೇ ಹೋಯಿತು. ಅವನೂ, "ನೀವ ಬರೀರಿ ಆಂಟಿ, ನಡೀತದ" ಅಂದ.

"ಬ್ಯಾಡ್ರಿ ವೈನಿ" ಎಂದರು ಆಪಾ.

ಅಷ್ಟು ವರ್ಷದಲ್ಲಿ ನನ್ನ ಕೈ ಮಾಡಹೋದ ಕೆಲಸಕ್ಕೆ ಅವರು ಬೇಡ ಅಂದದ್ದು ಅದೊಂದೇ ಸಲ. ನಾನು ಪೆನ್ನು ತೆರೆದು ಅವರ ಬೆರಳಲ್ಲಿ ಇಟ್ಟು ಹಿಂದೆ ಸರಿದೆ. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದರು. ಪೆನ್ನು ಹಾಳೆಯ ಮೇಲೆ ತಟತಟ ಬಡಿಯಿತು. ಮೊದಲ ಅಕ್ಷರ ಗೆರೆ ಬಿಟ್ಟು ಮೇಲೆ ಹೋಯಿತು. ಅದನ್ನು ಹಾಗೇ ಬಿಟ್ಟು ಎರಡನೆಯದಕ್ಕೆ ಹೋದರು. ನಾನು ಜಪ ಮಾಡಲಿಲ್ಲ, ನೋಡುತ್ತ ನಿಂತೆ. ಲಾತೂರಿನವರ ಬಸ್ಸಿಗೆ ಹೊತ್ತಾಗಿತ್ತು, ಅವರೂ ನಿಂತಿದ್ದರು. ಬೆಳಿಗ್ಗೆ ಹಿಂದಿನಿಂದ ಮಾತಾಡಿದವನು ಮೇಜು ಅಲುಗಾಡದಂತೆ ಅದರ ಒಂದು ಮೂಲೆಯನ್ನು ಒತ್ತಿ ಹಿಡಿದಿದ್ದ.

ಹೆಸರು ಪೂರ್ತಿಯಾಯಿತು, ಸಹಿಯೂ ಆಯಿತು. ಆಪಾ ಒಮ್ಮೆ ಓದಿ ನೋಡಿದರು. ಆಮೇಲೆ ಟೊಪ್ಪಿಗೆ ಹಾಕಲು ಪೆನ್ನನ್ನು ನನ್ನ ಕೈಗೆ ಕೊಟ್ಟರು.